ರಕ್ತದ ಕ್ಯಾನ್ಸರಿನ ಮದ್ದು ಮಲೆನಾಡಿಗೂ ತಲುಪಲಿ



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಧಾರಣೆ, ಗೊಬ್ಬರ, ಕೊಳೆ ರೋಗ, ಕಾಂಡಕೊರಕ, ಸಾಲದ ಕಂತು ಇವುಗಳ ಬಗ್ಗೆ. ಈ ಸಂಚಿಕೆಯಲ್ಲಿ ಬೇರೊಂದು ವಿಷಯವನ್ನು ಸದಸ್ಯರ ಮುಂದಿಡಬಯಸುತ್ತೇವೆ. ಅದು ರಕ್ತದ ಕ್ಯಾನ್ಸರಿನ ಔಷಧಿಯ ವಿಷಯ. ಸಹಕಾರ ಸಂಘಕ್ಕೂ ಕ್ಯಾನ್ಸರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಸಂಘದ ಸಾಲದ ಲೆಡ್ಜರನ್ನೇ ತೆರೆದು ತೋರಿಸಬೇಕಾಗುತ್ತದೆ. ಗೊಬ್ಬರಕ್ಕೆಂದು ಪಡೆದ ಬೆಳೆಸಾಲ ಔಷಧಿ ಅಂಗಡಿಗೆ ಹೋಗಿ, ತೋಟ ಗೊಬ್ಬರ ಕಾಣದೆ, ಮರುವರ್ಷ ಇಳುವರಿ ಇಳಿದು, ಕಂತು ಸುಸ್ತಿಯಾದ ಪ್ರಸಂಗಗಳು ಅಲ್ಲಿವೆ. ಸುಸ್ತಿದಾರರ ಪಟ್ಟಿಯಲ್ಲಿ ಹೆಸರು ಕಾಣುತ್ತದೆಯೇ ಹೊರತು ಅದರ ಹಿಂದಿನ ಕಾಯಿಲೆ ಕಾಣುವುದಿಲ್ಲ.

ರಕ್ತದ ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆಯಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಒಂದು ಬಗೆ, ವಯಸ್ಸಾದವರ ಮೂಳೆಗಳನ್ನು ಟೊಳ್ಳು ಮಾಡುವುದು ಇನ್ನೊಂದು ಬಗೆ, ದುಗ್ಧಗ್ರಂಥಿಗಳಲ್ಲಿ ಹುಟ್ಟುವುದು ಮತ್ತೊಂದು. ಇಲ್ಲಿ ನಾವು ಮುಖ್ಯವಾಗಿ ಒಂದನ್ನು ಎತ್ತಿಕೊಳ್ಳುತ್ತೇವೆ. ಕ್ರಾನಿಕ್ ಮೈಲಾಯ್ಡ್ ಲ್ಯೂಕೇಮಿಯಾ ಎಂಬ ಈ ಕಾಯಿಲೆಯನ್ನು ಡಾಕ್ಟರುಗಳು ಚಿಕ್ಕದಾಗಿ ಸಿ.ಎಂ.ಎಲ್. ಎನ್ನುತ್ತಾರೆ. ಇದರ ಮದ್ದಿನ ಇತಿಹಾಸವನ್ನು ತಿಳಿದರೆ, ಬೆಲೆ ಇಳಿದ ಮಾತ್ರಕ್ಕೆ ಔಷಧಿ ಬಡವನ ಕೈಗೆ ಬಂದಂತಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಈ ಕಾಯಿಲೆಯಲ್ಲಿ ರಕ್ತದ ಬಿಳಿಕಣಗಳು ಲಂಗುಲಗಾಮಿಲ್ಲದೆ ಹೆಚ್ಚುತ್ತವೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು ೪ ಸಾವಿರದಿಂದ ೧೧ ಸಾವಿರ ಇರುವ ಬಿಳಿಕಣಗಳು ಈ ರೋಗಿಗಳಲ್ಲಿ ಲಕ್ಷ ದಾಟುವುದೂ ಉಂಟು. ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ನೊವೆಲ್ ಮತ್ತು ಹಂಗರ್‌ಫರ್ಡ್ ಎಂಬ ಇಬ್ಬರು ಸಂಶೋಧಕರು ಈ ರೋಗಿಗಳ ಜೀವಕಣದಲ್ಲಿ ವಿಚಿತ್ರವಾದ ಚಿಕ್ಕ ವರ್ಣತಂತುವೊಂದನ್ನು ಕಂಡರು. ೧೯೭೩ರಲ್ಲಿ ಜಾನೆಟ್ ರೌಲಿ ಎಂಬ ವಿಜ್ಞಾನಿ, ೯ನೆಯ ಮತ್ತು ೨೨ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗುವುದರಿಂದ ಇದು ಉಂಟಾಗುತ್ತದೆಂದು ತೋರಿಸಿಕೊಟ್ಟರು. ಆ ಅದಲುಬದಲಿನಿಂದ ಹುಟ್ಟುವ ಕೆಟ್ಟ ಪ್ರೋಟೀನನ್ನೇ ಹುಡುಕಿ ಕಟ್ಟಿಹಾಕುವ ಮಾತ್ರೆ ಇಮಾಟಿನಿಬ್. ೨೦೦೧ರ ಮೇ ತಿಂಗಳಲ್ಲಿ ಅಮೆರಿಕ ಸರಕಾರ ಇದಕ್ಕೆ ಮಾನ್ಯತೆ ನೀಡಿತು. ಅದಕ್ಕೆ ಮುಂಚೆ ಈ ಕಾಯಿಲೆ ಬಂದವರು ಕೆಲವೇ ವರ್ಷ ಬದುಕುತ್ತಿದ್ದರು. ಇಮಾಟಿನಿಬ್ ಮಾತ್ರೆಯಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ಹತ್ತು ವರ್ಷಗಳ ಅನಂತರವೂ ನೂರಕ್ಕೆ ೮೩ ಮಂದಿ ಬದುಕಿದ್ದರೆಂದು ೨೦೧೭ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತಿಳಿಸಿತು. ದಿನಕ್ಕೊಮ್ಮೆ ಊಟದೊಡನೆ ದೊಡ್ಡ ಲೋಟ ನೀರು ಕುಡಿದು ೪೦೦ ಮಿಲಿಗ್ರಾಂ ಮಾತ್ರೆ ನುಂಗಬೇಕು, ಅಷ್ಟೆ. ಆದರೆ ಬಹುಮಂದಿ ಇದನ್ನು ಬದುಕಿರುವವರೆಗೂ ನುಂಗಬೇಕು.

ಇನ್ನು ಬೆಲೆಯ ಮಾತು. ಇದನ್ನು ಕಂಡುಹಿಡಿದ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿ ಗ್ಲಿವೆಕ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಮಾತ್ರೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಸುಮಾರು ೧ ಲಕ್ಷ ೨೦ ಸಾವಿರ ರೂಪಾಯಿ ಬೀಳುತ್ತಿತ್ತು. ವರ್ಷಕ್ಕೆ ೧೪ ಲಕ್ಷದ ಮೇಲಾಯಿತು. ಭಾರತದ ಕಂಪನಿಗಳು ತಯಾರಿಸಿದ ಅದೇ ಮದ್ದು ತಿಂಗಳಿಗೆ ೮ರಿಂದ ೧೦ ಸಾವಿರಕ್ಕೆ ದೊರೆಯುತ್ತಿತ್ತು. ನೊವಾರ್ಟಿಸ್ ಕಂಪನಿಗೆ ೨೦೦೩ರ ನವೆಂಬರಿನಲ್ಲಿ ಏಕಸ್ವಾಮ್ಯದ ಮಾರಾಟದ ಹಕ್ಕು ಸಿಕ್ಕಿತ್ತು. ಆದರೆ ೨೦೦೬ರ ಜನವರಿಯಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ಅದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಈ ಅರ್ಜಿಯನ್ನು ವಿರೋಧಿಸಿದವರಲ್ಲಿ ಮುಂಬಯಿಯ ಕ್ಯಾನ್ಸರ್ ರೋಗಿಗಳ ನೆರವಿನ ಸಂಘವೂ ಒಂದು ಎಂಬುದನ್ನು ಸಹಕಾರಿಗಳಾದ ನಾವು ನೆನಪಿಡಬೇಕು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ೨೦೧೩ರ ಏಪ್ರಿಲ್ ೧ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಹಳೆಯ ವಸ್ತುವಿಗೆ ಹೊಸ ರೂಪ ಕೊಟ್ಟರೆ ಸಾಲದು, ಅದರಿಂದ ರೋಗಿಗೆ ಹೆಚ್ಚಿನ ಗುಣವಾಗಬೇಕು ಎಂಬ ಪೇಟೆಂಟ್ ಕಾಯಿದೆಯ ೩(ಡಿ) ಕಲಮೇ ಆ ತೀರ್ಪಿಗೆ ಆಧಾರ.

ಅದೇ ಕಂಪನಿ ೨೦೦೨ರಿಂದ ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ನಮ್ಮ ದೇಶದ ಸಾವಿರಾರು ರೋಗಿಗಳಿಗೆ ಮಾತ್ರೆಯನ್ನು ಉಚಿತವಾಗಿ ಕೊಟ್ಟಿತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ದಾನವನ್ನು ನಾವು ಹಳಿಯುವುದಿಲ್ಲ. ಆದರೆ ದಾನಿಯ ಮನಸ್ಸು ಎಂದು ಬದಲಾದೀತೆಂದು ಬಲ್ಲವರಾರು? ಬದುಕಿರುವವರೆಗೂ ನುಂಗಬೇಕಾದ ಮದ್ದನ್ನು ದಾನದ ಮೇಲೆ ನಿಲ್ಲಿಸಲಾಗದು.

ತೀರ್ಪಿನ ಅನಂತರ ಇನ್ನೂ ಕೆಲವು ಒಳ್ಳೆಯ ಕೆಲಸಗಳಾದವು. ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಇಮಾಟಿನಿಬ್ ಅನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇಮಾಟಿನಿಬ್ ಫಲಿಸದವರಿಗೆ ಕೊಡುವ ಡಾಸಾಟಿನಿಬ್ ಮತ್ತು ನಿಲೋಟಿನಿಬ್ ೨೦೧೭ರಲ್ಲಿ ಸೇರಿದವು. ನಮ್ಮ ದೇಶದ ಪಟ್ಟಿಯಲ್ಲಿಯೂ ಇಮಾಟಿನಿಬ್ ಇರುವುದರಿಂದ ಅದರ ಬೆಲೆಗೆ ಸರಕಾರದ ಮೇಲ್ಮಿತಿ ಇದೆ. ೨೦೧೯ರ ಫೆಬ್ರವರಿಯಲ್ಲಿ ಬೆಲೆ ಪ್ರಾಧಿಕಾರವು ಬೇರೆ ೪೨ ಕ್ಯಾನ್ಸರ್ ಔಷಧಿಗಳ ಮಾರಾಟದ ಲಾಭಾಂಶವನ್ನು ಶೇ. ೩೦ಕ್ಕೆ ಕಟ್ಟಿಹಾಕಿತು. ಹೀಗೆ ವಿಜ್ಞಾನಿ ತನ್ನ ಕೆಲಸ ಮಾಡಿದ, ನ್ಯಾಯಾಲಯ ತನ್ನ ಕೆಲಸ ಮಾಡಿತು, ನಮ್ಮ ದೇಶದ ಕಾರ್ಖಾನೆಗಳು ತಮ್ಮ ಕೆಲಸ ಮಾಡಿದವು. ಉಳಿದಿರುವುದು ಕಾರ್ಖಾನೆಯಿಂದ ನಮ್ಮ ಊರಿನ ರೋಗಿಯ ಮನೆಯವರೆಗಿನ ದಾರಿ. ಈ ದಾರಿಯಲ್ಲಿ ಎರಡು ದೊಡ್ಡ ತಡೆಗಳಿವೆ. ಒಂದು ಕಾರ್ಡು, ಇನ್ನೊಂದು ದೂರ.

ಮೊದಲು ಕಾರ್ಡು. ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎ.ಪಿ.ಎಲ್. ಕುಟುಂಬಕ್ಕಾದರೋ ಸರಕಾರ ಕೊಡುವುದು ನಿಗದಿಯಾದ ದರದ ಶೇ. ೩೦ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ ಶೇ. ೭೦ ರೋಗಿಯ ಕೈಯಿಂದಲೇ ಹೋಗಬೇಕು. ಈಗ ನಮ್ಮ ಸದಸ್ಯರ ಸ್ಥಿತಿ ನೋಡಿ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ೯೮ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಕಡಿಮೆಯವು. ನಮ್ಮ ಸಂಘದಲ್ಲಿ ಎರಡು, ಮೂರು ಎಕರೆಯವರೇ ಬಹುಮಂದಿ. ಪಹಣಿಯಲ್ಲಿ ‘ಕಾಫಿ ತೋಟ’, ‘ಅಡಿಕೆ ಬಾಗಾಯ್ತು’ ಎಂದು ಬರೆದಿರುವುದನ್ನು ಕಂಡ ಕೂಡಲೇ ಕಚೇರಿಯವರಿಗೆ ದೊಡ್ಡ ಎಸ್ಟೇಟಿನ ಬಂಗಲೆ ಕಣ್ಣಿಗೆ ಕಟ್ಟುತ್ತದೆ. ಕುಟುಂಬದ ವಾರ್ಷಿಕ ಆದಾಯ ೧ ಲಕ್ಷ ೨೦ ಸಾವಿರ ಮೀರಿದರೆ ಬಿ.ಪಿ.ಎಲ್. ಕಾರ್ಡು ಇಲ್ಲ. ಕೊಳೆಯಿಂದ ಅಡಿಕೆ ಉದುರಿದ ವರ್ಷ ಆದಾಯ ಶೂನ್ಯವಾದರೂ ಕಾರ್ಡಿನ ಬಣ್ಣ ಬದಲಾಗುವುದಿಲ್ಲ. ಹೆಸರಿಗೆ ತೋಟದ ಯಜಮಾನ, ಔಷಧಿ ಅಂಗಡಿಯ ಮುಂದೆ ಸಾಲಗಾರ.

ಎರಡನೆಯದು ದೂರ. ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ೧೯೮೦ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆನಿಸಿದ ಕಿದ್ವಾಯಿ ಸಂಸ್ಥೆ ನಾಡಿನ ಬಡವರಿಗೆ ಮಾಡಿರುವ ಉಪಕಾರ ದೊಡ್ಡದು. ಆದರೆ ಚಿಕ್ಕಮಗಳೂರಿನಿಂದಾಗಲಿ ಮಡಿಕೇರಿಯಿಂದಾಗಲಿ ಬೆಂಗಳೂರಿಗೆ ಸುಮಾರು ೨೫೦ ಕಿಲೋಮೀಟರು, ಶಿರಸಿಯಿಂದ ಸುಮಾರು ೪೦೦. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗೋಣವೆಂದರೆ ನಡುವೆ ಘಟ್ಟ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜರಿದವು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ರಸ್ತೆ ಮುಚ್ಚಿತು. ರೈಲ್ವೆ ಇಲಾಖೆಯು ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಕೊಡುತ್ತದೆ. ಬಹಳ ಒಳ್ಳೆಯದು. ಆದರೆ ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಮೂಡಿಗೆರೆ, ಕೊಪ್ಪ, ಶೃಂಗೇರಿಗಳಿಗೂ ಇಲ್ಲ. ೨೦೨೩ರ ಜೂನಿನಿಂದ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅದೂ ಒಳ್ಳೆಯದೇ. ಆದರೆ ಮಲೆನಾಡಿನ ಎಷ್ಟೋ ಹಳ್ಳಿಗಳ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು.

ನಮ್ಮ ಸದಸ್ಯರೊಬ್ಬರ ವಿಷಯ ಹೇಳುತ್ತೇವೆ, ಹೆಸರು ಬೇಡ. ಎರಡೂವರೆ ಎಕರೆ ತೋಟ, ನಲವತ್ತರ ಆಸುಪಾಸಿನ ವಯಸ್ಸು. ಒಂದು ಕೊಯ್ಲಿನ ಕಾಲದಲ್ಲಿ ಆಯಾಸ ಶುರುವಾಯಿತು. ಕೆಲಸ ಹೆಚ್ಚಾಯಿತೆಂದುಕೊಂಡರು. ಎಡಪಕ್ಕೆಯ ಕೆಳಗೆ ಭಾರವೆನಿಸಿ, ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಗ್ಯಾಸ್ ಎಂದು ಕೆಲವು ತಿಂಗಳು ಮಾತ್ರೆ ನುಂಗಿದರು. ಕೊನೆಗೆ ಒಬ್ಬ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಗುಲ್ಮ ಊದಿದೆ ಎಂದು ರಕ್ತದ ಪರೀಕ್ಷೆ ಮಾಡಿಸಿದಾಗ ಕಾಯಿಲೆ ಹೊರಬಿತ್ತು. ಇಮಾಟಿನಿಬ್ ಆರಂಭಿಸಿದ ಮೂರು ತಿಂಗಳಿಗೆ ಮನುಷ್ಯ ಮೊದಲಿನಂತಾಗಿ ಕಪಾತು ಮಾಡಲು ಇಳಿದರು. ಆದರೆ ಕಾರ್ಡು ಎ.ಪಿ.ಎಲ್. ಪ್ರತಿ ತಿಂಗಳೂ ಘಟ್ಟದ ಕೆಳಗಿನ ಆಸ್ಪತ್ರೆಗೆ ಹೋಗಬೇಕು. ಜತೆಗೊಬ್ಬರು ಬೇಕು. ಬಸ್ಸು, ಊಟ, ತಡವಾದರೆ ಲಾಡ್ಜು, ಎರಡು ದಿನದ ಕೆಲಸ ನಷ್ಟ. ಮಾತ್ರೆಯ ಖರ್ಚು ತಡೆದುಕೊಂಡೇನು, ಅದನ್ನು ತರುವ ಖರ್ಚು ತಡೆಯಲಾರೆ ಎಂದು ಅವರು ನಮ್ಮ ಕಚೇರಿಯಲ್ಲಿ ಕುಳಿತು ಲೆಕ್ಕ ಹಾಕಿ ತೋರಿಸಿದರು. ಒಂದು ಮಳೆಗಾಲದಲ್ಲಿ ರಸ್ತೆ ಮುಚ್ಚಿ ಹನ್ನೆರಡು ದಿನ ಮಾತ್ರೆ ತಪ್ಪಿತು. ಆಮೇಲಿನ ಪರೀಕ್ಷೆಗಳಲ್ಲಿ ಕಾಯಿಲೆ ತಲೆಯೆತ್ತಿ, ಬೇರೆ ಹೆಚ್ಚಿನ ಬೆಲೆಯ ಮದ್ದಿಗೆ ಹೋಗಬೇಕಾಯಿತು. ತಪ್ಪಿದ ಮಾತ್ರೆಯಿಂದಲೇ ಹೀಗಾಯಿತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಈ ಮದ್ದನ್ನು ಬಿಟ್ಟುಬಿಟ್ಟು ನುಂಗಿದರೆ ಫಲ ಕುಂದುತ್ತದೆಂಬುದು ಎಲ್ಲ ತಜ್ಞರೂ ಒಪ್ಪಿದ ಮಾತು.

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಹೊಡೆಸಿ, ನಲವತ್ತು ದಿನಕ್ಕೆ ಹೊಡೆಸಬೇಕಾದ ಎರಡನೆಯ ಸಲದ ಔಷಧಿಯನ್ನು ಬಿಟ್ಟರೆ ಕೊನೆಯಲ್ಲಿ ಏನುಳಿಯುತ್ತದೆ? ಮೊದಲನೆಯದರ ಖರ್ಚೂ ಹೋಯಿತು, ಬೆಳೆಯೂ ಹೋಯಿತು. ರೋಗಿಗೆ ಮಾತ್ರೆ ಆರಂಭಿಸಿಕೊಟ್ಟು ನಡುವೆ ಕೈಬಿಡುವ ವ್ಯವಸ್ಥೆಯೂ ಅಂಥದೇ ದಂಡದ ಖರ್ಚು.

ಹಾಗಾದರೆ ಬೇರೆ ಕಡೆ ಹೇಗಿದೆ? ರಾಜಸ್ಥಾನದಲ್ಲಿ ೨೦೧೧ರ ಅಕ್ಟೋಬರ್ ೨ರಂದು ಉಚಿತ ಔಷಧಿ ಯೋಜನೆ ಆರಂಭವಾಯಿತು. ಸರಕಾರಿ ಆಸ್ಪತ್ರೆಗೆ ಬಂದ ಯಾವ ರೋಗಿಗಾದರೂ ಕಾರ್ಡಿನ ಬಣ್ಣ ನೋಡದೆ ಪಟ್ಟಿಯಲ್ಲಿರುವ ಔಷಧಿ ಕೊಡುವುದು ಅದರ ತತ್ವ. ಕ್ಯಾನ್ಸರಿನ ಔಷಧಿಗಳೂ ಆ ಪಟ್ಟಿಯಲ್ಲಿವೆ. ನಮ್ಮಂತೆಯೇ ತೋಟಗಳ ನಾಡಾದ ನೆರೆಯ ಕೇರಳ ೨೦೨೪ರ ಆಗಸ್ಟಿನಲ್ಲಿ ತನ್ನ ೧೪ ಜಿಲ್ಲೆಗಳಲ್ಲಿಯೂ ಒಂದೊಂದು ಮಳಿಗೆ ತೆರೆದು, ಕ್ಯಾನ್ಸರ್ ಔಷಧಿಗಳನ್ನು ಲಾಭವಿಲ್ಲದೆ ಮಾರಲು ಆರಂಭಿಸಿತು. ಒಂದೇ ರಾಜಧಾನಿಯಲ್ಲಿ ಹದಿನಾಲ್ಕು ಮಳಿಗೆ ತೆರೆಯಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ರಾಜ್ಯ ಸರಕಾರವೂ ಕೈಕಟ್ಟಿ ಕುಳಿತಿದೆ ಎನ್ನಲಾರೆವು. ೨೦೨೫ರ ಮೇ ತಿಂಗಳಲ್ಲಿ ೧೬ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲುಹೊತ್ತಿನ ಕೀಮೋಥೆರಪಿ ಕೇಂದ್ರಗಳು ಆರಂಭವಾದವು. ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರ ತೆರೆಯುವುದಾಗಿ ಕೇಂದ್ರ ಸರಕಾರ ೨೦೨೫–೨೬ರ ಬಜೆಟ್ಟಿನಲ್ಲಿ ಹೇಳಿತು. ಇದು ಸರಿಯಾದ ಹೆಜ್ಜೆ. ಡ್ರಿಪ್ ಹಾಕುವ ಮದ್ದು ಜಿಲ್ಲೆಗೆ ಬರಬಹುದಾದರೆ, ಡ್ರಿಪ್ಪೂ ಬೇಡದ, ಮಂಚವೂ ಬೇಡದ ಮಾತ್ರೆ ಬರಲು ಏನಡ್ಡಿ? ದೊಡ್ಡ ಆಸ್ಪತ್ರೆಯ ತಜ್ಞರು ಚೀಟಿ ಬರೆಯಲಿ, ಜಿಲ್ಲಾ ಆಸ್ಪತ್ರೆಯ ಔಷಧಿ ವಿಭಾಗ ಅದನ್ನು ನೋಡಿ ಮಾತ್ರೆ ಕೊಡಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ತಜ್ಞರೂ ಬೇಡ.

ಕೆಲವು ಆಕ್ಷೇಪಣೆಗಳು ಬರುವುದು ಸಹಜ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರೇ ಇಲ್ಲದಿರುವಾಗ ಕ್ಯಾನ್ಸರ್ ಮಾತ್ರೆಯ ಚಿಂತೆಯೇಕೆ ಎಂದು ಕೆಲವರು ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಒಂದು ಕೊರತೆಯನ್ನು ತೋರಿಸಿ ಇನ್ನೊಂದನ್ನು ಮುಂದೂಡುತ್ತ ಹೋದರೆ ಎರಡೂ ಉಳಿಯುತ್ತವೆ. ನುಂಗುವ ಮಾತ್ರೆಯಿಂದ ತಡೆಯಬಹುದಾದ ರೋಗ ಉಲ್ಬಣಿಸಿದ ಮೇಲೆ ಮಾಡುವ ಚಿಕಿತ್ಸೆಯ ಖರ್ಚು ಇನ್ನೂ ದೊಡ್ಡದು. ಕಾಫಿಗೆ ಈಚಿನ ವರ್ಷಗಳಲ್ಲಿ ಒಳ್ಳೆಯ ಧಾರಣೆ ಬಂದಿದೆ, ಬೆಳೆಗಾರರಿಗೆ ಸರಕಾರದ ನೆರವೇಕೆ ಎಂಬುದು ಇನ್ನೊಂದು ಮಾತು. ಧಾರಣೆ ಎಷ್ಟು ದಿನದ ನೆಂಟನೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲೆಚುಕ್ಕಿ ರೋಗದಿಂದ ಸೊರಗಿದ ಅಡಿಕೆ ತೋಟದವನಿಗೆ ಕಾಫಿಯ ಧಾರಣೆಯಿಂದ ಏನು ಸುಖ? ಕಾಯಿಲೆ ಧಾರಣೆ ನೋಡಿಕೊಂಡು ಬರುವುದಿಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಬಿಳಿ ಕಾಂಡಕೊರಕ ಹುಳುವಿಗೆಂದು ಅರೇಬಿಕಾ ಗಿಡಗಳ ಕಾಂಡಕ್ಕೆ ಲಿಂಡೇನ್ ಬಳಿಯುವುದು ಒಂದು ಕಾಲದಲ್ಲಿ ಶಿಫಾರಸಾಗಿದ್ದ ಪದ್ಧತಿ. ನಮ್ಮ ದೇಶದಲ್ಲಿ ೨೦೧೩ರಿಂದ ಅದರ ಬಳಕೆ ನಿಷೇಧವಾಗಿದೆ. ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಲಿಂಡೇನನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಅದು ಗುರುತಿಸಿದ್ದು ನಾನ್–ಹಾಜ್ಕಿನ್ ಲಿಂಫೋಮ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರನ್ನು. ಮೇಲೆ ಹೇಳಿದ ಸಿ.ಎಂ.ಎಲ್. ಕಾಯಿಲೆ ಅದರಿಂದ ಬರುತ್ತದೆಂದು ನಾವು ಹೇಳುತ್ತಿಲ್ಲ, ಯಾರೋ ಒಬ್ಬರ ಕಾಯಿಲೆಗೆ ಅದೇ ಕಾರಣವೆಂದೂ ಹೇಳುತ್ತಿಲ್ಲ. ಆದರೆ ಬರಿಗೈಯಲ್ಲಿ ಅದನ್ನು ಬಳಿದ ಕಾರ್ಮಿಕರೂ ಸಣ್ಣ ಬೆಳೆಗಾರರೂ ಇಂದು ನಮ್ಮ ನಡುವೆ ವಯಸ್ಸಾದವರಾಗಿ ಇದ್ದಾರೆ. ಅಂಥವರಿಗೆ ಚಿಕಿತ್ಸೆ ಕೇಳುವುದು ಭಿಕ್ಷೆ ಕೇಳಿದಂತಲ್ಲ. ದೇಶಕ್ಕೆ ವಿದೇಶಿ ವಿನಿಮಯ ತಂದುಕೊಟ್ಟ ಬೆಳೆಯ ಹಿಂದೆ ಅವರ ದೇಹದ ದುಡಿಮೆ ಇದೆ.

ಆದ್ದರಿಂದ ಸರಕಾರದ ಮುಂದೆ ನಾವು ಇಡಬೇಕಾದ ಬೇಡಿಕೆಗಳು ನಾಲ್ಕು.

೧. ಅತ್ಯಗತ್ಯ ಪಟ್ಟಿಯಲ್ಲಿರುವ ರಕ್ತದ ಕ್ಯಾನ್ಸರಿನ ಮಾತ್ರೆಗಳು ಚಿಕ್ಕಮಗಳೂರು, ಕೊಡಗು, ಹಾಸನ, ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ಸರಕಾರಿ ಆಸ್ಪತ್ರೆಗಳಲ್ಲಿ, ಕಾರ್ಡಿನ ಭೇದವಿಲ್ಲದೆ, ಉಚಿತವಾಗಿ ದೊರೆಯಬೇಕು. ಉಚಿತ ಸಾಧ್ಯವಿಲ್ಲವೆಂದರೆ ಸರಕಾರ ಕೊಂಡ ಬೆಲೆಗೇ ದೊರೆಯಬೇಕು.

೨. ಮೇ ತಿಂಗಳಲ್ಲಿಯೇ ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಬೇಕು. ಮಳೆಗಾಲಕ್ಕೆ ಸೌದೆ, ಅಕ್ಕಿ ಕೂಡಿಡುವ ನಾಡಿಗೆ ಮದ್ದನ್ನು ಮಾತ್ರ ತಿಂಗಳ ಲೆಕ್ಕದಲ್ಲಿ ಅಳೆದು ಕೊಡುವುದು ತರವಲ್ಲ.

೩. ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ಬಿ.ಸಿ.ಆರ್.–ಎ.ಬಿ.ಎಲ್. ಪರೀಕ್ಷೆಗೆ ಹೊರಗಡೆ ಹಲವು ಸಾವಿರ ರೂಪಾಯಿ ಬೀಳುತ್ತದೆ. ಇದಕ್ಕೆ ರಕ್ತವನ್ನು ಜಿಲ್ಲಾ ಆಸ್ಪತ್ರೆಯಲ್ಲಿಯೇ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಪ್ರಯಾಣ ಮಾಡಬೇಕಾದುದು ರಕ್ತದ ಸೀಸೆ, ರೋಗಿಯಲ್ಲ.

೪. ಯಶಸ್ವಿನಿ ಯೋಜನೆಯಲ್ಲಿ ಮನೆಯಲ್ಲಿ ನುಂಗುವ ಕ್ಯಾನ್ಸರ್ ಮಾತ್ರೆಯನ್ನೂ ಅದರ ಪರೀಕ್ಷೆಯನ್ನೂ ಸ್ಪಷ್ಟವಾಗಿ ಸೇರಿಸಬೇಕು. ಸಹಕಾರ ಸಂಘಗಳ ಸದಸ್ಯರಿಗೆಂದೇ ೨೦೦೩ರಲ್ಲಿ ಆರಂಭವಾದ ಈ ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿ ಹುಟ್ಟಿದ್ದು. ೨೦೧೮ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಗಿ, ೨೦೨೩ರ ಜನವರಿಯಿಂದ ಮತ್ತೆ ಚಿಕಿತ್ಸೆ ಆರಂಭಿಸಿದೆ. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷದ ಮಿತಿ ಅದರಲ್ಲಿದೆ. ಎ.ಪಿ.ಎಲ್. ಕಾರ್ಡಿನ ಸಣ್ಣ ಬೆಳೆಗಾರನಿಗೆ ಒದಗಬಲ್ಲ ಯೋಜನೆ ಯಾವುದಾದರೂ ಇದ್ದರೆ ಅದು ಇದೇ.

ಬೇಡಿಕೆ ಸಲ್ಲಿಸಿ ಕುಳಿತರೆ ಸಾಲದು, ಸಂಘವಾಗಿ ನಾವು ಮಾಡಬಹುದಾದುದೂ ಇದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಜನೌಷಧಿ ಕೇಂದ್ರ ತೆರೆಯಬಹುದೆಂದು ೨೦೨೩ರ ಜೂನಿನಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿ, ದೇಶದಲ್ಲಿ ೨,೦೦೦ ಸಂಘಗಳಿಗೆ ಅವಕಾಶ ಮಾಡಿತು. ನಮ್ಮ ತಾಲ್ಲೂಕಿನ ಪತ್ತಿನ ಸಂಘದೊಡನೆ ಕೂಡಿ ಇಂಥ ಒಂದು ಮಳಿಗೆಗೆ ಪ್ರಯತ್ನಿಸಬೇಕೆಂಬುದು ನಮ್ಮ ಅಭಿಪ್ರಾಯ. ಗೊಬ್ಬರ, ಮೈಲುತುತ್ತ, ಸುಣ್ಣವನ್ನು ಸದಸ್ಯರ ಮನೆಬಾಗಿಲಿಗೆ ತಲುಪಿಸಿದ ಸಂಘಕ್ಕೆ ಇದು ಆಗದ ಕೆಲಸವಲ್ಲ. ಎರಡನೆಯದಾಗಿ, ಯಶಸ್ವಿನಿಗೆ ಹೆಸರು ನೋಂದಾಯಿಸಲು ಕರೆ ಬಂದಾಗ ಅಸಡ್ಡೆ ಮಾಡಬೇಡಿ. ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ ೫೦೦ ರೂಪಾಯಿ ಎಂದು ಅದು ಮರಳಿ ಆರಂಭವಾಯಿತು. ಸದಸ್ಯರ ಸಂಖ್ಯೆ ಹೆಚ್ಚಿದರೆ ಮಾತ್ರ ನಮ್ಮ ಬೇಡಿಕೆಗೆ ತೂಕ.

ಮೂರನೆಯದು ಪ್ರತಿ ಮನೆಯ ಕೆಲಸ. ವಾರಗಟ್ಟಲೆ ಬಿಡದ ಆಯಾಸ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಬೆವರುವುದು, ಎಡಪಕ್ಕೆಯ ಕೆಳಗೆ ಭಾರ, ಇವು ಕಂಡರೆ ಕೊಯ್ಲು ಮುಗಿಯಲಿ ಎಂದು ಕಾಯದೆ ರಕ್ತಕಣಗಳ ಎಣಿಕೆ ಮಾಡಿಸಿ. ಅದು ಸಣ್ಣ ಖರ್ಚಿನ ಪರೀಕ್ಷೆ. ಇಂಥ ಲಕ್ಷಣಗಳಿಗೆಲ್ಲ ಕ್ಯಾನ್ಸರೇ ಕಾರಣವಲ್ಲ, ಹೆದರಬೇಕಾಗಿಲ್ಲ. ತೋಟದ ಕಾರ್ಮಿಕರಿಗೂ ಇದನ್ನು ತಿಳಿಸಿ. ಅವರಲ್ಲಿ ಬಿ.ಪಿ.ಎಲ್. ಕಾರ್ಡು ಇರಬಹುದು, ಆದರೆ ಎರಡು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗುವ ಶಕ್ತಿ ಇರುವುದಿಲ್ಲ.

ಮೇಲಿನ ನಾಲ್ಕು ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಮುಂದಿನ ಮಹಾಸಭೆಯ ಮುಂದೆ ಇಡುತ್ತೇವೆ. ಅಂಗೀಕಾರವಾದರೆ ನೆರೆಯ ಸಂಘಗಳ ಸಹಿಯನ್ನೂ ಪಡೆದು ಆರೋಗ್ಯ ಸಚಿವರಿಗೆ, ಸಹಕಾರ ಸಚಿವರಿಗೆ ಮತ್ತು ಐದೂ ಜಿಲ್ಲೆಗಳ ಶಾಸಕರಿಗೆ ಕಳುಹಿಸಲಾಗುವುದು. ಮನೆಯಲ್ಲಿ ಇಂಥ ರೋಗಿಗಳಿರುವ ಸದಸ್ಯರು ತಮ್ಮ ತಿಂಗಳ ಪ್ರಯಾಣದ, ಔಷಧಿಯ, ಪರೀಕ್ಷೆಯ ಖರ್ಚನ್ನು ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಠರಾವಿನೊಡನೆ ಲೆಕ್ಕವನ್ನೂ ಲಗತ್ತಿಸಬಹುದು. ಹೆಸರನ್ನು ಎಲ್ಲಿಯೂ ಬಹಿರಂಗಪಡಿಸುವುದಿಲ್ಲ. ಸಭೆಗೆ ಎಲ್ಲರೂ ತಪ್ಪದೆ ಬರಬೇಕೆಂದು ಕೋರುತ್ತೇವೆ.